ಬಾತುಕೋಳಿ ರಜೆಯಲ್ಲಿದ್ದಾಗ

ನನ್ನ ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ಕಂಪ್ಯೂಟರ್ ಕೆಲಸ ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಅದಕ್ಕಿಂತ ಮುಂದೆ ಕೇಳಿದವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ನಮ್ಮವರು ದರ್ಜಿ, ಅವರು ಹೊಲಿದದ್ದಕ್ಕೆ ಕಾಜಾ ಹಾಕಿ ಗುಂಡಿ ಹಚ್ಚುವುದು ನನ್ನ ಪಾಲು. ಅವರು ಇರುವವರೆಗೂ ಅದನ್ನೇ ಮಾಡಿದೆ. ಆ ಕೆಲಸದಲ್ಲಿ ಒಂದು ಸುಖವಿತ್ತು. ಅಂಗಡಿಯ ಬಾಗಿಲು ಹಾಕುವಾಗ ತಲೆ ಎತ್ತಿದರೆ ಆ ದಿನ ಮಾಡಿದ್ದೆಲ್ಲ ಹ್ಯಾಂಗರಿನಲ್ಲಿ ನೇತಾಡುತ್ತಿತ್ತು. ಸೊಸೆ ಬೆಳಗ್ಗೆ ಒಂಬತ್ತಕ್ಕೆ ಕೂರುತ್ತಾಳೆ, ಸಂಜೆ ಸೊಂಟ ಹಿಡಿದುಕೊಂಡು ಏಳುತ್ತಾಳೆ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ ಮೇಲೆ ನೋಡಿದರೆ ಒಂದೆಳೆ ದಾರವೂ ಬಿದ್ದಿರುವುದಿಲ್ಲ. ಮಾಡಿದ ಕೆಲಸ ಎಲ್ಲಿಗೆ ಹೋಗುತ್ತದೆ? ಇದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ.

ಮನೆಯಲ್ಲಿ ನಾವು ನಾಲ್ವರು. ಮಗ ರೈಲಿನ ಗಾರ್ಡು, ವಾರದಲ್ಲಿ ನಾಲ್ಕು ದಿನ ಹಳಿಯ ಮೇಲೆಯೇ. ಮೊಮ್ಮಗಳಿಗೆ ನಾಲ್ಕು ವರ್ಷ. ಒಂದು ಕಡೆ ನಿಲ್ಲದೆ ಸುತ್ತುವ ಅವಳನ್ನು ಬುಗುರಿ ಎಂದು ಕರೆಯುತ್ತೇವೆ. ಬುಗುರಿ ಹುಟ್ಟಿದಾಗ ಸೊಸೆ ಕೆಲಸ ಬಿಟ್ಟು ಎರಡೂವರೆ ವರ್ಷ ಮನೆಯಲ್ಲಿದ್ದಳು. ಆಮೇಲೆ ಅದೇ ಕಂಪನಿಗೆ, ಅದೇ ಕೆಲಸಕ್ಕೆ ಮರಳಿದಳು. ಆಗಲೂ ಒಬ್ಬರು ಕೇಳಿದ್ದರಂತೆ, ಮಗು ಇದೆ, ಇಷ್ಟು ಭಾರದ ಕೆಲಸ ಯಾಕೆ ಎಂದು. ಅದರ ಅಪ್ಪನಿಗೂ ಮಗು ಇದೆ, ಅವರಿಗೆ ಹಗುರವಾದ ರೈಲು ಕೊಟ್ಟಿಲ್ಲ ಎಂದಳಂತೆ ಇವಳು.

ಅಡುಗೆಮನೆಗೂ ಬಚ್ಚಲಿಗೂ ನಡುವಿನ ಚಿಕ್ಕ ಕೋಣೆಯೇ ಅವಳ ಆಫೀಸು. ಮೇಜು ನಮ್ಮವರು ಬಟ್ಟೆ ಕತ್ತರಿಸುತ್ತಿದ್ದ ಮೇಜು. ಅಂಚಿನ ತುಂಬ ಕತ್ತರಿಯ ಗೀರುಗಳಿವೆ. ಸೊಸೆ ಅಂಗಿಯ ಕಾಲರನ್ನೂ ಎದೆಯ ಭಾಗವನ್ನೂ ಮಾತ್ರ ಇಸ್ತ್ರಿ ಮಾಡುತ್ತಾಳೆ. ಕ್ಯಾಮರಾಕ್ಕೆ ಅಷ್ಟೇ ಕಾಣುವುದಂತೆ. ಕೆಳಗೆ ಮೊಣಕಾಲು ಸವೆದ ಪೈಜಾಮ. ದರ್ಜಿಯ ಹೆಂಡತಿಯ ಕಣ್ಣಿಗೆ ಇದು ಸ್ವಲ್ಪ ಕಷ್ಟವೇ. ಒಂಬತ್ತೂಕಾಲಿಗೆ ಅವಳ ಜೊತೆಯವರೆಲ್ಲ ತಂತಮ್ಮ ಮನೆಯಲ್ಲಿ ಎದ್ದು ನಿಂತು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಒಪ್ಪಿಸುತ್ತಾರೆ. ಕೂತರೆ ಮಾತು ಬೆಳೆಯುತ್ತದೆಂದು ನಿಲ್ಲುವುದಂತೆ. ಒಂದು ದಿನ ಬುಗುರಿಯೂ ಪಕ್ಕದಲ್ಲಿ ನಿಂತು, ನಿನ್ನೆ ಬಿಸ್ಕತ್ತು ತಿಂದೆ, ಇವತ್ತೂ ತಿನ್ನುತ್ತೇನೆ, ಡಬ್ಬಿ ಮೇಲಿನ ಗೂಡಿನಲ್ಲಿ ಸಿಕ್ಕಿಕೊಂಡಿದೆ ಎಂದು ಒಪ್ಪಿಸಿದಳು. ಆ ದಿನ ಎಲ್ಲರಿಗಿಂತ ಚೆನ್ನಾಗಿ ಹೇಳಿದ್ದು ಅವಳೇ ಎಂದು ಆಮೇಲೆ ಹೊಗಳಿಕೆ ಬಂತು.

ಮೇಜಿನ ಮೇಲೆ ಒಂದು ಹಳದಿ ರಬ್ಬರ್ ಬಾತುಕೋಳಿ ಇರುತ್ತಿತ್ತು. ಬುಗುರಿ ಕೂಸಾಗಿದ್ದಾಗ ಸ್ನಾನದ ನೀರಿನಲ್ಲಿ ತೇಲಿಬಿಡುತ್ತಿದ್ದದ್ದು. ಸೊಸೆ ಅದರ ಜೊತೆ ಮಾತಾಡುವುದನ್ನು ಮೊದಲ ಸಲ ಕೇಳಿದಾಗ ಇವಳ ತಲೆಗೆ ಏನಾದರೂ ಆಯಿತೇ ಎಂದುಕೊಂಡೆ. ಮಗನಿಗೆ ಹೇಳುವುದೋ ಬೇಡವೋ ಎಂದು ಒಂದು ವಾರ ಒದ್ದಾಡಿ, ಕಡೆಗೆ ಅವಳನ್ನೇ ಕೇಳಿದೆ. ಅವಳು ನಕ್ಕಳು. ಅವರ ಕಸುಬಿನಲ್ಲಿ ಇದು ಎಲ್ಲರೂ ಮಾಡುವುದಂತೆ. ಎಲ್ಲಾದರೂ ಗಂಟು ಬಿದ್ದರೆ, ಏನೂ ಗೊತ್ತಿಲ್ಲದವರಿಗೆ ಮೊದಲಿನಿಂದ ಬಿಡಿಸಿ ಹೇಳಬೇಕು. ಹೇಳುತ್ತಾ ಹೋದಂತೆ ಗಂಟು ತಾನೇ ಕಾಣುತ್ತದೆ. ಮನುಷ್ಯರಿಗೆ ಪುರುಸೊತ್ತಿಲ್ಲ, ಅದಕ್ಕೆ ಬಾತುಕೋಳಿ.

"ಅದು ಮಧ್ಯೆ ಬಾಯಿ ಹಾಕಲ್ಲ ಅತ್ತೆ. ಅದೇ ಅದರ ದೊಡ್ಡ ಗುಣ" ಎಂದಳು.

ಆಗ ನಮ್ಮವರ ನೆನಪಾಯಿತು. ಬೆಲೆಬಾಳುವ ಬಟ್ಟೆಗೆ ಕತ್ತರಿ ಇಡುವ ಮೊದಲು ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡು, ಇಲ್ಲಿ ಹೆಗಲು, ಇಲ್ಲಿ ಕಂಕುಳು, ಇಲ್ಲಿಂದ ಇಷ್ಟು ಬಿಟ್ಟರೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಹೇಳುತ್ತಿದ್ದರು. ನಾನೇನಾದರೂ ಬಾಯಿ ತೆರೆದರೆ, ನೀನು ಸುಮ್ಮನೆ ಹೂಂ ಅನ್ನು ಸಾಕು ಎನ್ನುತ್ತಿದ್ದರು. ನನ್ನನ್ನು ಎಷ್ಟು ಹಚ್ಚಿಕೊಂಡಿದ್ದಾರೆ ಎಂದುಕೊಂಡಿದ್ದೆ. ನಾನು ಅರ್ಧ ಆಯುಸ್ಸು ಬಾತುಕೋಳಿಯ ಹುದ್ದೆಯಲ್ಲಿದ್ದೆ ಎಂದು ಈಗ ತಿಳಿಯಿತು.

ಈಗ ಆ ವಾರದ ಸಂಗತಿಗೆ ಬರುತ್ತೇನೆ. ಸೊಸೆ ನೋಡಿಕೊಳ್ಳುವುದು ಆಸ್ಪತ್ರೆಗಳ ಸರದಿ. ಕಾಯುವವರಿಗೆ ಟೋಕನ್ ಕೊಡುತ್ತಾರಲ್ಲ, ಮುಂದೆ ಯಾರನ್ನು ಒಳಗೆ ಕರೆಯಬೇಕು ಎಂದು ಹೇಳುವ ಯಂತ್ರದ ಬುದ್ಧಿ ಇವಳದು. ಒಂದು ಕಣ್ಣಾಸ್ಪತ್ರೆಯಿಂದ ದೂರು ಬಂದಿತ್ತು. ಅಲ್ಲಿ ಆಗೊಮ್ಮೆ ಈಗೊಮ್ಮೆ ಒಬ್ಬರ ಸರದಿ ಬರುವುದೇ ಇಲ್ಲ. ಮುಂದಿನವರು ಹೋಗುತ್ತಾರೆ, ಹಿಂದಿನವರು ಹೋಗುತ್ತಾರೆ, ನಡುವಿನವರು ಕೂತೇ ಇರುತ್ತಾರೆ. ಒಬ್ಬ ಮುದುಕರು ಕಣ್ಣಿಗೆ ಔಷಧಿ ಬಿಟ್ಟುಕೊಂಡು ಬೆಳಗ್ಗೆಯಿಂದ ಸಂಜೆಯವರೆಗೆ ಕೂತಿದ್ದರಂತೆ. ಯಾಕೆ ಹೀಗಾಗುತ್ತದೆ ಎಂದು ಯಾರಿಗೂ ತಿಳಿಯದು. ಆಫೀಸಿನಲ್ಲಿ ಎಷ್ಟು ಸಲ ಓಡಿಸಿ ನೋಡಿದರೂ ಸರಿಯಾಗಿಯೇ ಇರುತ್ತದೆ.

ಅವಳ ಗುಂಪಿನಲ್ಲಿ ಒಬ್ಬನಿದ್ದಾನೆ. ಪರದೆಯ ಚೌಕದೊಳಗೆ ಅವನ ಕತ್ತಿನ ಮೇಲಿನದು ಹಿಡಿಸುವುದಿಲ್ಲ, ಅಷ್ಟು ಉದ್ದ. ನಾನಿಟ್ಟ ಹೆಸರು ಏಣಿ. ಅವನು, ಈ ಸರದಿಯ ಕೆಲಸ ಹಳೆಯದಾಯಿತು, ನನಗೆ ಕೊಡಿ, ನಾನು ಹೊಸದಾಗಿ ಬರೆಯುತ್ತೇನೆ ಎಂದ. ಅವರ ಮೇಲಿನ ಮೇಡಂ ಯೋಚಿಸಿ, ಶುಕ್ರವಾರ ಮಧ್ಯಾಹ್ನ ಮೂರರವರೆಗೆ ಸೊಸೆಗೆ ಸಮಯ ಕೊಟ್ಟರು. ಅಷ್ಟರಲ್ಲಿ ತಪ್ಪು ಸಿಗದಿದ್ದರೆ ಸರದಿ ಏಣಿಗೆ, ಇವಳಿಗೆ ಬೇರೆ ಹಗುರ ಕೆಲಸ.

"ಹಗುರ ಆದ್ರೆ ಒಳ್ಳೇದೇ ಅಲ್ವೇನಮ್ಮ? ಸಂಜೆ ಬೇಗ ಏಳಬಹುದು" ಎಂದೆ ನಾನು.

"ಒಂದು ಸಲ ಹಗುರದ್ದು ತಗೊಂಡ್ರೆ ಮತ್ತೆ ಭಾರದ್ದು ಯಾರೂ ಕೊಡಲ್ಲ ಅತ್ತೆ. ಬರೀ ಗುಂಡಿ ಹಚ್ಕೊಂಡಿರು ಅಂತಾರೆ."

ಹೇಳಿ ನಾಲಿಗೆ ಕಚ್ಚಿಕೊಂಡಳು. ನಾನು ಬೇಸರ ಮಾಡಿಕೊಳ್ಳಲಿಲ್ಲ. ನನಗೂ ಒಂದು ಕಾಲದಲ್ಲಿ ಕತ್ತರಿ ಹಿಡಿಯುವ ಆಸೆಯಿತ್ತು. ಅದು ಅವಳಿಗೆ ಗೊತ್ತಿಲ್ಲ.

ಬುಧವಾರ ಬೆಳಗ್ಗೆ ನೋಡಿದರೆ ಮೇಜಿನ ಮೇಲೆ ಬಾತುಕೋಳಿ ಇಲ್ಲ. ಬುಗುರಿ ಅದನ್ನು ನನ್ನ ಶಾಲಿನಲ್ಲಿ ಸುತ್ತಿ ಮಂಚದ ಮೇಲೆ ಮಲಗಿಸಿದ್ದಳು. ಕೇಳಿದರೆ, ಅದಕ್ಕೆ ಜ್ವರ, ರಜಾ ಹಾಕಿದೆ, ಫೋನ್ ಕೂಡ ಮಾಡಬಾರದು ಎಂದಳು. ಬಲವಂತ ಮಾಡಿದರೆ ಬೀದಿಗೆಲ್ಲ ಕೇಳುವಂತೆ ಅಳುತ್ತಾಳೆ, ಆ ಅಳು ಮೀಟಿಂಗಿನಲ್ಲಿ ಕೇಳಿಸುತ್ತದೆ. ಸೊಸೆ ಸುತ್ತ ನೋಡಿದಳು. ಹೂಜಿ ನೋಡಿದಳು, ಗೋಡೆಯ ಗಡಿಯಾರ ನೋಡಿದಳು, ಕಡೆಗೆ ನನ್ನನ್ನು ನೋಡಿದಳು.

ಹೀಗೆ ನಾನು ಬದಲಿ ಕೆಲಸಕ್ಕೆ ಸೇರಿದೆ. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂರಬೇಕು. ಕೇಳಬೇಕು. ಮಾತಾಡಬಾರದು. ಹೂಂ ಕೂಡ ಬೇಡ ಎಂದಳು. ನಮ್ಮವರಿಗಿಂತ ಇವಳು ಕಟ್ಟುನಿಟ್ಟು.

ಎರಡು ದಿನ ಕೇಳಿದೆ. ಅರ್ಧ ತಲೆಯ ಮೇಲಿಂದ ಹೋಯಿತು, ಅರ್ಧ ಒಳಗಿಳಿಯಿತು. ಟೋಕನ್ ತೆಗೆದುಕೊಂಡವರ ಹೆಸರುಗಳು ಒಂದು ಸಾಲಿನಲ್ಲಿರುತ್ತವೆ. ಯಂತ್ರ ಮೊದಲ ಜಾಗದಿಂದ ಒಂದೊಂದೇ ಜಾಗ ದಾಟುತ್ತಾ ಕರೆಯುತ್ತಾ ಹೋಗುತ್ತದೆ. ಕರೆದಾಗ ಬರದವರನ್ನು ಗೈರುಹಾಜರಿ ಎಂದು ಗುರುತು ಮಾಡಿ ಮುಂದಕ್ಕೆ ಹೋಗುತ್ತದೆ. ಅವರ ಹೆಸರು ಅಲ್ಲೇ ಇರುತ್ತದೆ. ಯಾರಾದರೂ ಬರುವುದಿಲ್ಲ ಎಂದು ಫೋನಿನಲ್ಲೇ ತಿಳಿಸಿದ್ದರೆ ಮಾತ್ರ ಅವರ ಹೆಸರನ್ನು ಸಾಲಿನಿಂದ ತೆಗೆದುಬಿಡುತ್ತದೆ. ಅಂಥವರು ಕಡಿಮೆ. ಹೇಳದೆ ಕೇಳದೆ ಹೊರಟುಹೋಗುವವರೇ ಹೆಚ್ಚು. ಹೇಳಿ ಹೋಗುವ ಮರ್ಯಾದಸ್ಥರು ಎಲ್ಲೋ ಒಬ್ಬರು.

ಎಷ್ಟೋ ಪ್ರಶ್ನೆ ನಾಲಿಗೆಯ ತುದಿಗೆ ಬಂದವು. ತೆಗೆದ ಹೆಸರನ್ನು ಎಲ್ಲಿ ಹಾಕುತ್ತೀರಿ? ಯಂತ್ರಕ್ಕೆ ಮರೆವು ಇದೆಯೇ? ನುಂಗಿಕೊಂಡೆ. ಗುರುವಾರ ಸಂಜೆ ಅವಳ ಧ್ವನಿ ಕಟ್ಟಿತ್ತು. ಹೇಳಿದ್ದನ್ನೇ ಹೇಳುತ್ತಿದ್ದಳು, ಗಂಟು ಕಾಣುತ್ತಿರಲಿಲ್ಲ. ಬುಗುರಿ ಬಂದು ಅಮ್ಮನ ತೊಡೆಯ ಮೇಲೆ ತಲೆಯಿಟ್ಟರೂ ಅವಳಿಗೆ ಗೊತ್ತಾಗಲಿಲ್ಲ. ಮಗು ಸ್ವಲ್ಪ ಹೊತ್ತು ಕಾದು ಎದ್ದುಹೋಯಿತು. ಯಾರೂ ಕರೆಯದೆ ಕೂತ ಆ ಮುದುಕರ ನೆನಪು ನನಗೆ ಬಂತು. ಅದನ್ನೂ ನುಂಗಿಕೊಂಡೆ.

ಶುಕ್ರವಾರ ಬೆಳಗ್ಗೆ ಅಡುಗೆಮನೆಯ ಮೇಜಿನ ಮುಂದೆ ಕೂತು ಬುಗುರಿಯ ಕೋಟಿಗೆ ಗುಂಡಿ ಆರಿಸುತ್ತಿದ್ದೆ. ಒಲೆಯ ಮೇಲೆ ಹಾಲು ಇತ್ತು. ಸೊಸೆ ಬಂದು ಎದುರಿಗೆ ಕೂತು, ನನ್ನ ಡಬ್ಬಿಯಿಂದ ಹತ್ತು ಗುಂಡಿ ತೆಗೆದು ಸಾಲಾಗಿ ಇಟ್ಟಳು. ಒಂದೊಂದು ಒಂದೊಂದು ಬಣ್ಣ.

"ಇವರು ಕಾಯ್ತಾ ಇರೋರು ಅತ್ತೆ. ನನ್ನ ಬೆರಳೇ ಯಂತ್ರ. ಇದೊಂದು ಸಲ ಕೇಳಿ, ಆಮೇಲೆ ನಿಮ್ಮನ್ನ ಬಿಟ್ಬಿಡ್ತೀನಿ."

ಮೊದಲನೆಯ ಗುಂಡಿಯ ಮೇಲೆ ಬೆರಳಿಟ್ಟು, ಇವರು ಒಳಗೆ ಹೋದರು ಎಂದಳು. ಎರಡನೆಯದು, ಇವರು ಕರೆದಾಗ ಬರಲಿಲ್ಲ, ಇರಲಿ. ಮೂರನೆಯದು ಕೆಂಪು ಗುಂಡಿ. ಇವರು ಫೋನ್ ಮಾಡಿ ಬರುವುದಿಲ್ಲ ಎಂದಿದ್ದಾರೆ ಎಂದು ಅದನ್ನು ಎತ್ತಿ ಪಕ್ಕಕ್ಕಿಟ್ಟಳು. ಅಷ್ಟರಲ್ಲಿ ಹಾಲು ಉಕ್ಕುವ ಸದ್ದಾಗಿ ಒಲೆಯ ಕಡೆ ತಿರುಗಿದಳು.

ಸಾಲಿನ ನಡುವೆ ಒಂದು ಖಾಲಿ ಜಾಗ ಉಳಿದಿತ್ತು. ನಮ್ಮ ಅಂಗಡಿಯಲ್ಲಿ ಗುಂಡಿಯ ಸಾಲಿನಲ್ಲಿ ಖಾಲಿ ಜಾಗ ಬಿಟ್ಟರೆ ನಮ್ಮವರು ಸಿಡಿಮಿಡಿ ಮಾಡುತ್ತಿದ್ದರು, ಒಂದು ಕಳೆಯಿತೇನೋ ಎಂದು ಗಾಬರಿಯಾಗುತ್ತಿತ್ತು ಅವರಿಗೆ. ಬಾಯಿಗೆ ಬೀಗ ಹಾಕಿಕೊಂಡಿದ್ದೆ, ಕೈಗೆ ಹಾಕಿರಲಿಲ್ಲ. ಅದು ತನ್ನಷ್ಟಕ್ಕೆ ಉಳಿದ ಏಳು ಗುಂಡಿಗಳನ್ನು ಮುಂದಕ್ಕೆ ಸರಿಸಿ ಸಾಲು ಕೂಡಿಸಿತು.

ಸೊಸೆ ಒಲೆ ಆರಿಸಿ ಬಂದಳು. ಮೂರು ಆಯಿತು, ಈಗ ನಾಲ್ಕು ಎಂದು ಎಣಿಸಿ ನಾಲ್ಕನೆಯ ಜಾಗದ ಮೇಲೆ ಬೆರಳಿಟ್ಟಳು. ಅಲ್ಲಿದ್ದದ್ದು ನೀಲಿ. ಕೆಂಪಿನ ಹಿಂದೆಯೇ ಇದ್ದ ಹಸಿರು ಗುಂಡಿಯನ್ನು ಯಾರೂ ಕರೆದೇ ಇರಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ನಾನು ನೋಡುವುದನ್ನು ಅವಳು ನೋಡಿದಳು.

"ಅತ್ತೆ, ಇವನ್ನ ಯಾರು ಸರಿಸಿದ್ದು?"

"ನಾನೇ ಕಣಮ್ಮ. ಕೈ ಸುಮ್ನಿರಲಿಲ್ಲ. ಹಿಂದಕ್ಕೆ ಇಡ್ಲಾ?"

"ಬೇಡ, ಬೇಡ. ಮುಟ್ಬೇಡಿ. ಹಸಿರು ಮೊದಲು ಎಲ್ಲಿತ್ತು?"

"ನಾಲ್ಕನೇದು."

"ಈಗ?"

"ಮೂರಕ್ಕೆ ಬಂದಿದೆ. ನೀನು ಮೂರು ದಾಟಿ ಮುಂದೆ ಹೋದೆ."

ಅವಳು ಬೆರಳು ಎತ್ತಲಿಲ್ಲ. ಯಂತ್ರವೂ ಖಾಲಿ ಜಾಗ ಬಿಡುವುದಿಲ್ಲ, ಹೆಸರು ತೆಗೆದರೆ ಹಿಂದಿನವರೆಲ್ಲ ಒಂದೊಂದು ಜಾಗ ಮುಂದೆ ಬರುತ್ತಾರೆ ಎಂದು ತನಗೇ ಹೇಳಿಕೊಂಡಳು. ಹೇಳಿ ಹೋದ ಮರ್ಯಾದಸ್ಥರ ಹಿಂದೆ ಯಾರು ಕೂತಿರುತ್ತಾರೋ ಅವರಿಗೇ ಅನ್ಯಾಯ. ಆಫೀಸಿನಲ್ಲಿ ಪರೀಕ್ಷೆ ಮಾಡುವಾಗ ಸುಳ್ಳು ಹೆಸರುಗಳನ್ನು ಕೂರಿಸುತ್ತಾರೆ. ಸುಳ್ಳು ಹೆಸರುಗಳು ಯಾವತ್ತೂ ಫೋನ್ ಮಾಡಿ ಬರುವುದಿಲ್ಲ ಎನ್ನುವುದಿಲ್ಲ. ಅದಕ್ಕೇ ಸಿಕ್ಕಿರಲಿಲ್ಲ. ಅವಳು ಎದ್ದು ಒಳಗೆ ಓಡಿದಳು.

ಹನ್ನೊಂದಕ್ಕೆ ಹೊರಗೆ ಬಂದಾಗ ಮುಖದಲ್ಲಿ ಗೆಲುವಿರಲಿಲ್ಲ. ಸಿಗಲಿಲ್ಲವೇ ಎಂದೆ. ಸಿಕ್ಕಿದೆ, ಸರಿಯೂ ಮಾಡಿದ್ದೇನೆ ಎಂದಳು. ಅವರಲ್ಲಿ ಯಂತ್ರಕ್ಕಾಗಿ ಬರೆದ ಪ್ರತಿ ಸಾಲಿಗೂ ಬರೆದವರ ಹೆಸರು, ತಾರೀಕು ಉಳಿದಿರುತ್ತದಂತೆ, ಕಾಲರಿನ ಒಳಗೆ ದರ್ಜಿಯ ಪಟ್ಟಿ ಇರುತ್ತದಲ್ಲ ಹಾಗೆ. ಆ ತಪ್ಪಿನ ಸಾಲಿಗೆ ಇದ್ದದ್ದು ಇವಳದೇ ಹೆಸರು. ಬುಗುರಿ ಹೊಟ್ಟೆಯಲ್ಲಿ ಏಳು ತಿಂಗಳಾಗಿದ್ದಾಗ ಬರೆದದ್ದು. ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಕಾಲು ಊದಿ, ಬಕೆಟ್ಟಿನ ನೀರಿನಲ್ಲಿ ಪಾದ ಇಳಿಬಿಟ್ಟುಕೊಂಡು ಕೆಲಸ ಮಾಡುತ್ತಿದ್ದಳು.

"ಸರಿಯಾಯ್ತು ಅಂತ ಮಾತ್ರ ಹೇಳಿದ್ರೆ ಯಾರೂ ಕೆದಕಲ್ಲ. ನಾನೇ ಬರೆದಿದ್ದು ಅಂದ್ರೆ, ನೋಡಿ, ಅದಕ್ಕೇ ಹಗುರದ್ದು ಕೊಡಿ ಅಂದಿದ್ದು ಅಂತಾರೆ. ಏನ್ ಮಾಡ್ಲಿ ಅತ್ತೆ?"

"ಬಾತುಕೋಳಿ ಮಾತಾಡೋ ಹಾಗಿಲ್ವಲ್ಲಮ್ಮ" ಎಂದೆ.

ಆ ವಾರ ಮೊದಲ ಸಲ ಅವಳು ನಕ್ಕಳು. ನಕ್ಕು, ಒಂದು ತಟ್ಟೆಗೆ ಹತ್ತು ಗುಂಡಿಗಳನ್ನು ಹಾಕಿಕೊಂಡು ಹೋದಳು.

ಮೂರು ಗಂಟೆಗೆ ಮೀಟಿಂಗಿಗೆಂದು ಬಾಗಿಲು ಹಾಕಿಕೊಂಡಳು. ನಾನು ಬುಗುರಿಯನ್ನು ಹಿಡಿದುಕೊಂಡಿದ್ದೆ, ಆದರೆ ಬುಗುರಿಯನ್ನು ಹಿಡಿದು ನಿಲ್ಲಿಸಿದವರುಂಟೇ? ಶಾಲು ಸುತ್ತಿದ ಬಾತುಕೋಳಿಯನ್ನು ಎತ್ತಿಕೊಂಡು ಬಾಗಿಲು ತಳ್ಳಿ, ಅದಕ್ಕೆ ಜ್ವರ ಬಿಟ್ಟಿದೆ ಎಂದು ಅಮ್ಮನ ತೊಡೆ ಏರಿದಳು. ನಾನು ಹಿಂದೆಯೇ ಓಡಿ ಹೊಸ್ತಿಲಲ್ಲಿ ನಿಂತೆ. ಸೊಸೆ ಮಗುವನ್ನು ಇಳಿಸಲಿಲ್ಲ. ಒಂದು ಕೈಯಲ್ಲಿ ಅವಳನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಗುಂಡಿಗಳನ್ನು ಕ್ಯಾಮರಾದ ಮುಂದೆ ಜೋಡಿಸಿದಳು.

"ತಪ್ಪು ನಾನೇ ಬರೆದಿದ್ದು. ಇವಳು ಹೊಟ್ಟೆಯಲ್ಲಿದ್ದಾಗ. ಹುಡುಕಿದ್ದೂ ನಾನೇ. ಹೇಗಾಗುತ್ತೆ ಅಂತ ತೋರಿಸ್ತೀನಿ, ನೋಡಿ."

ಎಲ್ಲವನ್ನೂ ತೋರಿಸಿದಳು. ಆಮೇಲೆ ಏಣಿಯ ಧ್ವನಿ ಬಂತು.

"ಆ ಹಸಿರು ಗುಂಡಿದು ಇನ್ನೊಂದ್ಸಲ ತೋರಿಸ್ತೀರಾ? ನಾನು ಹೊಸದಾಗಿ ಬರೆದಿಟ್ಟಿದೀನಲ್ಲ, ಅದರಲ್ಲೂ ಹೀಗೇ ತೆಗೆದಿದೀನಿ ಅನ್ಸುತ್ತೆ."

ಮೇಡಂ ನಕ್ಕಿದ್ದು ನನಗೂ ಕೇಳಿಸಿತು. ಸರದಿ ಇವರ ಹತ್ತಿರವೇ ಇರಲಿ, ಏಣಿ ಮುಂದಿನ ವಾರ ಇವರಿಂದ ಕಲಿತುಕೊಳ್ಳಲಿ ಎಂದು ಅವರು ಹೇಳಿದರು. ಏಣಿ ಎನ್ನಲಿಲ್ಲ, ಅವನ ಹೆಸರು ಹೇಳಿದರು. ಸೊಸೆ ಬುಗುರಿಯ ನೆತ್ತಿಯ ಮೇಲೆ ಗದ್ದ ಊರಿ ಕಣ್ಣು ಮುಚ್ಚಿಕೊಂಡಳು. ಆ ಮುದುಕರನ್ನು ಸೋಮವಾರ ಎಲ್ಲರಿಗಿಂತ ಮೊದಲು ಕರೆದರೆಂದು ಆಮೇಲೆ ತಿಳಿಯಿತು.

ನನ್ನ ಕೆಲಸ ಉಳಿಯಲಿಲ್ಲ. ಮಂಗಳವಾರ ಸೊಸೆ ಮತ್ತೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಅವಳು ನಾಲ್ಕು ಮಾತು ಹೇಳುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ.

"ಅಲ್ಲಮ್ಮ, ಬರಲ್ಲ ಅಂತ ಫೋನ್ ಮಾಡಿದೋರು ಮನಸ್ಸು ಬದಲಾಯಿಸಿ ಬಂದೇಬಿಟ್ರೆ, ಅವರನ್ನ ಎಲ್ಲಿ ಕೂರಿಸ್ತೀಯ?"

ಸೊಸೆ ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದಳು.

"ಅತ್ತೆ, ನಿಮಗೆ ಅರ್ಥ ಆಗೋಕೆ ಶುರುವಾಗಿದೆ. ಇನ್ನು ನೀವು ಈ ಕೆಲಸಕ್ಕೆ ಆಗಲ್ಲ."

ಬಾತುಕೋಳಿ ಮೇಜಿಗೆ ಮರಳಿತು. ನಾನು ಅಡುಗೆಮನೆಗೆ ಬಂದು ಬುಗುರಿಯ ಕೋಟಿಗೆ ಹಸಿರು ಗುಂಡಿ ಹಚ್ಚಲು ಕೂತೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಸೊಸೆ ಬಾತುಕೋಳಿಗೆ ನಿಧಾನವಾಗಿ ಹೇಳುತ್ತಿದ್ದದ್ದು ಕೇಳಿಸಿತು: ಬರುವುದಿಲ್ಲ ಎಂದವರು ಬಂದೇಬಿಟ್ಟರೆ, ಅವರನ್ನು ಎಲ್ಲಿ ಕೂರಿಸುವುದು?