ದ್ಯಾಮಣ್ಣನ ಟೆಂಪೊ ನಿಂತದ್ದು

ಅಳವಂಡಿಯ ದ್ಯಾಮಣ್ಣನನ್ನು ಸಾಕಿದವಳು ಅಕ್ಕ ದುರಗಮ್ಮ. ತಾಯಿ ತೀರಿದಾಗ ಅವನಿಗಿನ್ನೂ ಹಾಲುಹಲ್ಲು. ದೊಡ್ಡವನಾಗಿ ಬೇರೆಯವರ ಲಾರಿ ಓಡಿಸಿದ. ನಲವತ್ತು ದಾಟಿದ ಮೇಲೆ ಹಳೆಯದೊಂದು ಡೀಸೆಲ್ ಟೆಂಪೊ ಕೊಂಡ. ಊರಿನ ಈರುಳ್ಳಿ, ಮೆಣಸಿನಕಾಯಿ ಕೊಪ್ಪಳದ ಪೇಟೆಗೆ ಹೋಗುತ್ತಿದ್ದುದು ಅದರಲ್ಲೇ.

ಶ್ರಾವಣದ ಒಂದು ಮಧ್ಯಾಹ್ನ ದುರಗಮ್ಮನಿಗೆ ಎದೆ ಹಿಡಿದುಕೊಂಡಿತು. ಅಂಬುಲೆನ್ಸ್ ಬೇರೆ ಕಡೆ ಹೋಗಿತ್ತು. ಅಕ್ಕನನ್ನೂ ಭಾವ ವಿರುಪಣ್ಣನನ್ನೂ ಕೂರಿಸಿಕೊಂಡು ದ್ಯಾಮಣ್ಣ ಕೊಪ್ಪಳದ ದಾರಿ ಹಿಡಿದ. ಅರ್ಧ ದಾರಿಯಲ್ಲಿ ಎಂಜಿನ್ ಒಮ್ಮೆಲೇ ಆರಿತು. ವೈರು ಎಳೆದು ನೋಡಿದ, ಪೈಪು ಬಿಗಿದ. ಸ್ವಲ್ಪ ಹೊತ್ತಿಗೆ ಚಾಲೂ ಆಯಿತು. ಮುಂದೆ ಹೋಗಿ ಮತ್ತೆ ನಿಂತಿತು. ಕೊನೆಗೆ ಯಾರದೋ ಕಾರಿಗೆ ಕೈ ಮಾಡಿ ಅವಳನ್ನು ಎತ್ತಿ ಕೂರಿಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ದ್ಯಾಮಣ್ಣ ಅಳಲಿಲ್ಲ. ದಿನಕರ್ಮ ಮುಗಿದ ಮೇಲೆ ಮತ್ತೆ ಬಾಡಿಗೆಗೆ ಹೊರಟ. ಟೆಂಪೊ ನಿಲ್ಲುವುದು ಬಿಡಲಿಲ್ಲ. ನಿಂತರೆ ಅವನು ಇಳಿಯುತ್ತಲೂ ಇರಲಿಲ್ಲ. ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿರುತ್ತಿದ್ದ. ಒಬ್ಬ ಮೆಕ್ಯಾನಿಕ್ ಫಿಲ್ಟರ್ ಬದಲಿಸಿದ, ಇನ್ನೊಬ್ಬ ಪಂಪು ಬಿಚ್ಚಿ ತೊಳೆದ. ಏನೂ ಆಗಲಿಲ್ಲ.

ಕೊಪ್ಪಳದ ಮೆಕ್ಯಾನಿಕ್ ರಫೀಕ ಏನನ್ನೂ ಬಿಚ್ಚಲಿಲ್ಲ. ಪಕ್ಕದಲ್ಲಿ ಕೂತು, ನಿಲ್ಲುವ ತನಕ ಓಡಿಸು ಎಂದ. ಊರಾಚೆ ಟೆಂಪೊ ನಿಂತ ಕೂಡಲೇ ಇಳಿದು ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಗಾಳಿ ಸುಂಯ್ ಎಂದು ಒಳಕ್ಕೆ ನುಗ್ಗಿತು. ಕೀಲಿ ತಿರುವಿದರೆ ಎಂಜಿನ್ ಚಾಲೂ. ಮುಚ್ಚಳದಲ್ಲಿ ಗಾಳಿಯಾಡಲು ಬಿಟ್ಟ ಸಣ್ಣ ತೂತಿಗೆ ಧೂಳು ಮೆತ್ತಿ ಗಟ್ಟಿಯಾಗಿತ್ತು. ಒಳಗೆ ಗಾಳಿ ಹೋಗದಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ ಎನ್ನುತ್ತ ರಫೀಕ ತಂತಿಯಿಂದ ತೂತು ಬಿಡಿಸಿದ.

"ಅವತ್ತ ಮುಚ್ಚಳ ತಗದಿದ್ರ ಗಾಡಿ ಓಡತಿತ್ತೇನು?" ಎಂದು ದ್ಯಾಮಣ್ಣ ಕೇಳಿದ.

ರಫೀಕನಿಗೆ ದುರಗಮ್ಮನ ಸುದ್ದಿ ಗೊತ್ತಿತ್ತು. ಕೈ ಒರೆಸಿಕೊಂಡು, "ಓಡತಿತ್ತಣ್ಣ" ಎಂದ.

ದ್ಯಾಮಣ್ಣ ತಲೆಯಾಡಿಸಿದ. ಎದೆಯಲ್ಲಿ ಏನಾದರೂ ಆಗುತ್ತದೇನೋ ಎಂದು ಕಾದ. ಏನೂ ಆಗಲಿಲ್ಲ.

ಊರಿಗೆ ಬಂದವನು ನೇರ ವಿರುಪಣ್ಣನ ಮನೆಗೆ ಹೋದ. ಗಾಡಿಗೆ ಏನಾಗಿತ್ತೆಂದು ಭಾವನೇ ಕೇಳಿದ. ಪಂಪು ಕೆಟ್ಟಿತ್ತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಟ್ಯಾಂಕಿನ ಮುಚ್ಚಳದ ತೂತಿನ್ಯಾಗ ಧೂಳ ಕುಂತಿತ್ತು, ಭಾವ. ಮುಚ್ಚಳ ತಗದಿದ್ರ ಸಾಕಿತ್ತು. ನನಗ ತಿಳೀಲಿಲ್ಲ."

 ಆಸ್ಪತ್ರೆಗೆ ಲಗೂನ ಮುಟ್ಟಿದ್ದರೆ ಅವಳು ಉಳಿಯುತ್ತಿದ್ದಳೇ ಎಂದು ವಿರುಪಣ್ಣ ಕೇಳಿದ. ಗೊತ್ತಿಲ್ಲ ಎಂದ ದ್ಯಾಮಣ್ಣ.

"ಪ್ಯಾಟಿಗೆ ಒಯ್ಯೂ ಸಜ್ಜಿ ಚೀಲ ಅದಾವ," ಎಂದ ವಿರುಪಣ್ಣ. "ನಾಳಿ ಮುಂಜಾನಿ ಗಾಡಿ ತಗೊಂಡ ಬಾ."

ಮರುದಿನ ಇಬ್ಬರೂ ಅದೇ ಟೆಂಪೊದಲ್ಲಿ ಕೊಪ್ಪಳಕ್ಕೆ ಹೋದರು. ಪೇಟೆಯಲ್ಲಿ ಚೀಲ ಇಳಿಸಿದ ಮೇಲೆ ವಿರುಪಣ್ಣ ಎರಡು ಚಹಾ ಹೇಳಿದ.