ಹೇಳದೆ ಹಾಕಿದ ತುಪ್ಪ

ಹಾಲು ಬಿಟ್ಟವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಸಿಗರೇಟು ಬಿಟ್ಟವರು ನಾಲ್ಕು ದಿನ ಹೇಳಿಕೊಂಡು ಓಡಾಡಿ ಸುಮ್ಮನಾಗುತ್ತಾರೆ. ಹಾಲು ಬಿಟ್ಟವರು ಮಾತ್ರ ಎದುರಿಗೆ ಕೂತವರ ಕಾಫಿ ಲೋಟದೊಳಗೆ ಇಣುಕುತ್ತಲೇ ಇರುತ್ತಾರೆ. ಎರಡು ಸಾವಿರದ ಐದಾರರ ಹೊತ್ತಿಗೆ ವಿಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ ಆಹಾರ ಶಿಬಿರ ಅಂತ ಮಾಡಿದ್ದರು. ಪುಕ್ಕಟೆ ಎಂದು ನಾನೂ ಹೋಗಿದ್ದೆ. ಸೋಯಾ ಹಾಲಿನ ಕಾಫಿ ಕೊಟ್ಟರು. ಬೇಳೆ ತೊಳೆದ ನೀರಿಗೆ ಸಕ್ಕರೆ ಹಾಕಿದ ಹಾಗಿತ್ತು. ಕೊಟ್ಟ ಹೆಂಗಸು ಕಣ್ಣು ಮುಚ್ಚಿಕೊಂಡು, "ಎಷ್ಟು ಲೈಟಾಗಿದೆ ಅಲ್ವಾ ಮೇಡಂ?" ಅಂದಳು. ಲೋಟವನ್ನು ಕುರ್ಚಿ ಕೆಳಗೆ ಇಟ್ಟು ಎದ್ದು ಬಂದೆ.

ನಮ್ಮ ಸ್ಕೂಲಿನ ಗಣಿತದ ಮಿಸ್ ಕೂಡ ಹಾಲು ಬಿಟ್ಟವರು. ಅವರೂ ಈ ಜಾತಿಯವರಾಗಿದ್ದರೆ ನನಗೆ ಸುಲಭವಾಗಿತ್ತು. ಅವರು ಯಾರ ಲೋಟದೊಳಗೂ ಇಣುಕುತ್ತಿರಲಿಲ್ಲ, ಯಾರಿಗೂ ಉಪದೇಶ ಮಾಡುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಉರಿಸುತ್ತಿತ್ತು.

ಬಸವೇಶ್ವರನಗರದ ಆ ಸ್ಕೂಲಿನಲ್ಲಿ ನಾನು ಕನ್ನಡದ ಮಿಸ್. ಹಿಂದಿ ಮಿಸ್, ಸೈನ್ಸ್ ಮಿಸ್, ಗಣಿತದ ಮಿಸ್ ಮತ್ತು ನಾನು, ನಾಲ್ವರೂ ಮಧ್ಯಾಹ್ನ ಸ್ಟಾಫ್ ರೂಮಿನ ಒಂದೇ ಮೇಜಿನ ಮೇಲೆ ಡಬ್ಬಿ ಬಿಚ್ಚುತ್ತಿದ್ದೆವು. ಗಣಿತದ ಮಿಸ್ ಕೆಂಗೇರಿ ಕಡೆಯ ಉಲ್ಲಾಳದಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಅವರ ಡಬ್ಬಿಯಲ್ಲಿ ಶಿಬಿರದ ಸರಕು ಯಾವುದೂ ಇರುತ್ತಿರಲಿಲ್ಲ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಹುರುಳಿಕಾಳಿನ ಉಸ್ಲಿ, ಕಾಯಿ ಹಾಲು ಹಾಕಿದ ಕುಂಬಳಕಾಯಿ ಪಲ್ಯ. ಮೊದಲು ಖಾಲಿಯಾಗುತ್ತಿದ್ದದ್ದೂ ಅದೇ ಡಬ್ಬಿ. ನಾವು ಕೊಟ್ಟದ್ದನ್ನು ತೆಗೆದುಕೊಳ್ಳುವ ಮುಂಚೆ ಅವರು ಒಂದೇ ಮಾತು ಕೇಳುತ್ತಿದ್ದರು: "ಇದರಲ್ಲಿ ತುಪ್ಪ, ಮೊಸರು ಏನಾದ್ರೂ ಇದ್ಯಾ ಮಿಸ್?" ಇದೆ ಅಂದರೆ, "ಪರವಾಗಿಲ್ಲ ಬಿಡಿ" ಎಂದು ತಮ್ಮ ರೊಟ್ಟಿ ಮುರಿಯುತ್ತಿದ್ದರು. ಅವರು ಕೈ ತೊಳೆಯಲು ಹೋದದ್ದೇ ತಡ, ನಾವು ಮೂವರೂ ಶುರು ಮಾಡುತ್ತಿದ್ದೆವು. ತಿನ್ನುವುದು ಅವರ ರೊಟ್ಟಿ, ಆಡಿಕೊಳ್ಳುವುದು ಅವರನ್ನೇ.

ಯಾಕೆ ಬಿಟ್ಟಿರಿ ಎಂದು ಹಿಂದಿ ಮಿಸ್ ಒಮ್ಮೆ ಕೇಳಿದರು. ಉಲ್ಲಾಳ ಇನ್ನೂ ಹಳ್ಳಿಯಾಗಿದ್ದಾಗ ಅವರ ಮನೆಯಲ್ಲಿ ಎಮ್ಮೆಗಳಿದ್ದವಂತೆ. ಮನೆಯಲ್ಲೇ ಬೆಣ್ಣೆ ಕಾಯಿಸಿ ಕೆಂಗೇರಿಗೆ ತುಪ್ಪ ಕೊಡುತ್ತಿದ್ದರಂತೆ. ಗಂಡು ಕರು ಹುಟ್ಟಿದರೆ ಅದಕ್ಕೆ ಹಾಲು ಬಿಡದೆ ಸಾಯಲು ಬಿಡುವುದು, ಆಮೇಲೆ ಅದರ ತೊಗಲಿಗೆ ಹುಲ್ಲು ತುಂಬಿ ಎಮ್ಮೆ ಮುಂದೆ ನಿಲ್ಲಿಸುವುದು. ತನ್ನ ಕರುವೇ ಅಂದುಕೊಂಡು ಎಮ್ಮೆ ಆ ತೊಗಲನ್ನು ನೆಕ್ಕುತ್ತಾ ಹಾಲು ಇಳಿಸುತ್ತಿತ್ತಂತೆ. "ಅದನ್ನ ಬೀಳದ ಹಾಗೆ ಹಿಡ್ಕೊಂಡು ನಿಲ್ಲೋದು ನನ್ ಕೆಲಸ. ಮೋಸ ಮಾಡ್ತಾ ಇದೀವಿ ಅಂತ ನಂಗೆ ಗೊತ್ತಿತ್ತು, ಎಮ್ಮೆಗೆ ಗೊತ್ತಿರ್ಲಿಲ್ಲ" ಅಂದರು. ನಾನು, "ಅಯ್ಯೋ ಮಿಸ್, ಊಟದ ಹೊತ್ನಲ್ಲಿ ಇದೆಲ್ಲಾ ಯಾಕೆ?" ಎಂದು ಮೊಸರನ್ನದ ಡಬ್ಬಿ ತೆಗೆದೆ. ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ನಿಜ ಹೇಳಬೇಕೆಂದರೆ ನನಗಿದ್ದದ್ದು ಹೊಟ್ಟೆಕಿಚ್ಚು. ನಾವು ದಾವಣಗೆರೆ ಕಡೆಯ ಲಿಂಗಾಯತರು. ಮೊಟ್ಟೆ ಒಡೆದ ಪಾತ್ರೆ ಕಂಡರೂ ಮೂಗು ಮುಚ್ಚಿಕೊಳ್ಳುವವರು. ಬೀದಿಯಲ್ಲಿ ನಮ್ಮ ಊಟವೇ ಎಲ್ಲರದ್ದಕ್ಕಿಂತ ಶುದ್ಧ ಎಂಬ ಜಂಬದಲ್ಲಿ ಬೆಳೆದವಳು ನಾನು. ಉಲ್ಲಾಳದಿಂದ ಬಸ್ಸಿನಲ್ಲಿ ಬರುವ ಈಕೆ ಸದ್ದಿಲ್ಲದೆ ನನಗಿಂತ ಒಂದು ಮೆಟ್ಟಿಲು ಮೇಲೆ ಹೋಗಿ ಕೂತಿದ್ದನ್ನು ನನಗೆ ಸಹಿಸಲಾಗಲಿಲ್ಲ.

ಅವರೆಕಾಯಿ ಕಾಲದಲ್ಲಿ ಮೂವರನ್ನೂ ರಾಜಾಜಿನಗರದ ನಮ್ಮ ಮನೆಗೆ ಊಟಕ್ಕೆ ಕರೆದೆ. ಗಣಿತದ ಮಿಸ್ ಮುಂಚೆ ಯಾರ ಮನೆಗೂ ಊಟಕ್ಕೆ ಹೋಗುತ್ತಿರಲಿಲ್ಲ. ಇದ್ದಿದ್ದು ಒಂದೇ ಭಯ, ಅದನ್ನು ಅವರೇ ನನಗೆ ಹೇಳಿದ್ದರು. "ಕೇಳಿದ್ರೆ ಅವರಿಗೆ ಬೇಜಾರು, ಕೇಳ್ದೆ ತಿಂದ್ರೆ ನಂಗೆ ಸಮಾಧಾನ ಇಲ್ಲ ಮಿಸ್." ನಮ್ಮ ಮನೆಯಲ್ಲಿ ಆ ತೊಂದರೆಯೇ ಇಲ್ಲ, ಎಲ್ಲವನ್ನೂ ಎಣ್ಣೆಯಲ್ಲೇ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಕಡಲೆಕಾಯಿ ಎಣ್ಣೆಯಲ್ಲೇ ಒಗ್ಗರಣೆ ಕೊಟ್ಟು ಅವರೆಕಾಳಿನ ಬಿಸಿಬೇಳೆಬಾತ್ ಮಾಡಿದೆ. ಅದು ಹಾಗೆಯೇ ಚೆನ್ನಾಗಿತ್ತು. ಬೇಗ ಬಂದಿದ್ದ ಸೈನ್ಸ್ ಮಿಸ್ ಅಡುಗೆಮನೆಗೆ ಬಂದು ಪಿಸುಗುಟ್ಟಿದರು: "ಒಂದ್ ಚಮಚ ತುಪ್ಪ ಹಾಕ್ಬಿಡಿ ಮಿಸ್. ಗೊತ್ತಾಗುತ್ತಾ ನೋಡೋಣ." ನಾನು ಒಂದು ಚಮಚಕ್ಕೆ ನಿಲ್ಲಲಿಲ್ಲ. ತವರಿನಿಂದ ಬಂದಿದ್ದ ಎಮ್ಮೆ ತುಪ್ಪದ ಡಬ್ಬ ಎತ್ತಿ ಸೌಟಿನಲ್ಲೇ ಸುರಿದೆ.

ಎಲೆ ಮುಂದೆ ಕೂತ ಗಣಿತದ ಮಿಸ್, "ಏನೂ ಇಲ್ಲ ಅಲ್ವಾ ಮಿಸ್?" ಅಂದರು. "ನಂಬಿಕೆ ಇಲ್ವಾ? ಧೈರ್ಯವಾಗಿ ತಿನ್ನಿ" ಅಂದೆ. ಮೊದಲ ತುತ್ತು ಬಾಯಿಗಿಟ್ಟು ಒಂದು ಗಳಿಗೆ ತಡೆದರು. ಅಷ್ಟರಲ್ಲಿ ಗುಟ್ಟು ತಿಳಿದಿದ್ದ ಹಿಂದಿ ಮಿಸ್ ಸೆರಗು ಬಾಯಿಗೆ ಒತ್ತಿಕೊಂಡರು. ಗಣಿತದ ಮಿಸ್ ನನ್ನ ಮುಖ ನೋಡಿ, ತಲೆ ಬಗ್ಗಿಸಿ, ಬಡಿಸಿದಷ್ಟನ್ನೂ ಒಂದಗುಳು ಬಿಡದೆ ತಿಂದರು. ಎರಡನೇ ಸಲಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿದರು. "ಚೆನ್ನಾಗಿದೆ ಮಿಸ್. ಹೇಗ್ ಮಾಡಿದ್ರಿ?"

"ಏನಿಲ್ಲ, ಕೊಬ್ಬರಿ ಹುರಿದು ಹಾಕ್ದೆ" ಅಂದೆ.

ಅವರು ಹೋದ ಮೇಲೆ ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಎರಡು ವಾರ ಕಳೆದು ಸ್ಟಾಫ್ ರೂಮಿನಲ್ಲಿ ಮತ್ತೆ ಕೇಳಿದರು. "ಆ ರುಚಿ ನಂಗೆ ಬರ್ತಾ ಇಲ್ಲ ಮಿಸ್. ಇನ್ನೇನ್ ಹಾಕಿದ್ರಿ?" ಗೋಡಂಬಿ ಅರೆದು ಹಾಕಿದ್ದೆ ಅಂದೆ. ಪರೀಕ್ಷೆ ಸಮಯದಲ್ಲಿ, ಇಬ್ಬರೇ ಇದ್ದಾಗ, ಮೂರನೇ ಸಲ ಕೇಳಿದರು. ಗಾಣದ ಎಣ್ಣೆ ತಂದು ನೋಡಿ ಅಂದೆ. ಎಂಥ ದಡ್ಡಿ, ಇನ್ನೂ ಹುಡುಕುತ್ತಿದ್ದಾಳಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಆಯ್ತು ಮಿಸ್" ಎಂದು ಉತ್ತರಪತ್ರಿಕೆ ತಿದ್ದಲು ಶುರು ಮಾಡಿದರು.

ಬೇಸಿಗೆ ರಜೆಯಲ್ಲಿ ಅವರೇ ನಮ್ಮನ್ನು ಉಲ್ಲಾಳಕ್ಕೆ ಕರೆದರು. ಉಳಿದಿಬ್ಬರು ಬಿಸಿಲಿನ ನೆಪ ಹೇಳಿ ತಪ್ಪಿಸಿಕೊಂಡರು. ನಾನೊಬ್ಬಳೇ ಹೋದೆ. ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ, ಕಾಯಿ ಹಾಲಿನ ಪಾಯಸ. ನನ್ನ ಎಲೆಯ ಪಕ್ಕ ಮಾತ್ರ ಒಂದು ಸಣ್ಣ ಬಟ್ಟಲು, ಅದರಲ್ಲಿ ಕಾಯಿಸಿದ ತುಪ್ಪ. ಮುರಿದಿದ್ದ ಮುದ್ದೆಯನ್ನು ಮತ್ತೆ ಎಲೆಗೆ ಇಳಿಸಿದೆ.

"ಎಮ್ಮೆ ತುಪ್ಪಾನೇ ತರ್ಸಿದೀನಿ, ನಿಮಗೆ ರೂಢಿ ಅಂತ" ಅಂದರು. ದನಿಯಲ್ಲಿ ಕೊಂಕು ಇರಲಿಲ್ಲ.

"ಮಿಸ್... ಅವತ್ತೇ ಗೊತ್ತಾಗಿತ್ತಾ?"

"ಮೊದಲನೇ ತುತ್ತಿಗೇ. ಆ ವಾಸನೇಲೇ ಅಲ್ವಾ ನಾನು ಬೆಳೆದಿದ್ದು."

"ಮತ್ತೆ ಯಾಕ್ ತಿಂದ್ರಿ?"

"ಬಡಿಸಿದ ಎಲೆ ಬಿಟ್ಟು ಏಳೋದು ನಂಗೆ ಬರಲ್ಲ." ಅವರು ನನ್ನ ಎಲೆಗೆ ಸಾರು ಹಾಕಿದರು. "ಮೂರ್ ಸಲ ಕೇಳ್ದೆ ಮಿಸ್. ಒಂದ್ ಸಲನಾದ್ರೂ ಹೇಳ್ತೀರೇನೋ ಅಂತ."

ನಾನು ತಲೆ ಎತ್ತಲಿಲ್ಲ. ಅವರು ತುಪ್ಪದ ಬಟ್ಟಲನ್ನು ನನ್ನ ಕೈಗೆ ಎಟುಕುವ ಹಾಗೆ ಸರಿಸಿದರು.

"ಇದೊಂದರಲ್ಲೇ ತುಪ್ಪ ಇರೋದು. ಬೇರೆ ಯಾವುದಕ್ಕೂ ಹಾಕಿಲ್ಲ. ನಮ್ಮನೇಲಿ ಹೇಳೇ ಬಡಿಸೋದು ಮಿಸ್."