ಬೇಳೆ ಡಬ್ಬಿಯ ಮೇಲಿನ ಸ್ಪೀಕರು

ಶಾಲೆಯಲ್ಲಿ ಮೂವತ್ತು ವರ್ಷ ಗಂಟೆ ಹೊಡೆದವನು ನಾನು. ಗಂಟೆಯೆಂದರೆ ಗಂಟೆಯೂ ಅಲ್ಲ, ಬೇವಿನ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡು. ದಿನಕ್ಕೆ ಹತ್ತು ಸಲ ಅದರ ಪಕ್ಕದಲ್ಲಿ ನಿಂತ ಕಿವಿಗೆ ಸಂಗೀತದ ಸೂಕ್ಷ್ಮ ತಿಳಿಯುತ್ತದೆ ಎಂದರೆ ಯಾರೂ ನಂಬಬಾರದು. ಆದರೂ ಮನೆಯಲ್ಲಿಡುವ ಸ್ಪೀಕರು ಹೇಗಿರಬೇಕು ಎಂಬ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯಗಳಿದ್ದವು. ಅವನ್ನು ಕೇಳಲು ಇಬ್ಬರು ಗೆಳೆಯರಿದ್ದರು. ಕೇಳುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಒಬ್ಬ ಕೊಗನೊಳ್ಳಿಯ ದತ್ತೂ ಮೇಸ್ತ್ರಿ. ರೇಡಿಯೊ ರಿಪೇರಿ ಅವನ ಕಸುಬು, ಮರಾಠಿ ಅವನ ಮನೆಮಾತು. ನನ್ನ ಜೋಡಿ ಸ್ಪೀಕರುಗಳನ್ನು ಸಾಗವಾನಿ ಪೆಟ್ಟಿಗೆಯಲ್ಲಿ ಕೂರಿಸಿ ಮಾಡಿಕೊಟ್ಟವನು ಅವನೇ. ಇನ್ನೊಬ್ಬ ಅಕ್ಕೋಳದ ಜಿನ್ನಪ್ಪಣ್ಣ. ಅರಿವೆ ಅಂಗಡಿಯವನು, ದೊಡ್ಡ ದೊಡ್ಡ ಸ್ಪೀಕರು ಕೊಂಡು ಕೇಳಿದವನು. ಏಕಸಂಬಿಯ ನಮ್ಮ ಪಡಸಾಲೆಯಲ್ಲಿ ಭಾನುವಾರ ಬೆಳಿಗ್ಗೆ ಮೂವರ ಸಭೆ. ಹಾಡು ಐದು ನಿಮಿಷ, ವಾದ ಒಂದು ತಾಸು.

“ಪೆಟ್ಟಿಗಿ ಜಡ ಇರಬೇಕ್ರಿ,” ಎಂದು ದತ್ತೂ ಪೆಟ್ಟಿಗೆಗೆ ಬೆರಳು ಮಡಚಿ ಬಡಿಯುತ್ತಿದ್ದ, ಕಲ್ಲಂಗಡಿ ಕೊಳ್ಳುವವರಂತೆ.

“ವಾಯರ ಹಲಕಾ ಇದ್ರ ನಿನ್ನ ಪೆಟ್ಟಿಗಿ ಏನ ಮಾಡತೈತೊ?” ಎನ್ನುತ್ತಿದ್ದ ಜಿನ್ನಪ್ಪಣ್ಣ. ಕಿರುಬೆರಳಿನ ಗಾತ್ರದ ವೈರನ್ನು ಅವನು ಕೊಲ್ಹಾಪುರದಿಂದ ತಂದಿದ್ದ.

ನನ್ನದು ಮೂರನೆಯ ಪಂಥ. ಸ್ಪೀಕರು ಕೂತವರ ಕಿವಿಯ ಎತ್ತರಕ್ಕೇ ಇರಬೇಕು. ಅದಕ್ಕಾಗಿ ಹೆಂಡತಿ ಸುಶೀಲಾಳ ತೊಗರಿಬೇಳೆಯ ಎರಡು ದೊಡ್ಡ ತಗಡಿನ ಡಬ್ಬಿಗಳ ಮೇಲೆ ಅವನ್ನು ಏರಿಸಿದ್ದೆ. ಒಂದು ತಿಂಗಳು ಒಂದು ವಿಚಿತ್ರ ಕಂಡಿತು. ಒಂದನೇ ತಾರೀಖಿಗೆ ಬಿಗಿಯಾಗಿದ್ದ ದನಿ, ತಿಂಗಳ ಕೊನೆಗೆ ಬಂ ಬಂ ಎನ್ನತೊಡಗಿತು. ದತ್ತೂ ಹವೆಯನ್ನು ಬೈದ. ಜಿನ್ನಪ್ಪಣ್ಣ ಕರೆಂಟನ್ನು ಬೈದ. ನಾನು ಇಬ್ಬರನ್ನೂ ಬೈದೆ. ಕೊನೆಗೆ ಅಡುಗೆಮನೆಯಿಂದ ಸುಶೀಲಾ ಬಂದು, ನನ್ನಿಂದ ಸ್ಪೀಕರು ಎತ್ತಿಸಿ, ಡಬ್ಬಿಯ ತಳ ಕೆರೆದು ಬೇಳೆ ತೆಗೆದುಕೊಂಡಳು.

“ಡಬ್ಬಿ ಖಾಲಿ ಆದಂಗ ನಿಮ್ಮ ಹಾಡ ದಪ್ಪ ಆಗತೈತಿ. ಮುಂದಿನ ತಿಂಗಳ ಬ್ಯಾಳಿ ತರಬ್ಯಾಡ್ರಿ, ಹಾಡss ಉಣ್ಣೂಣು.”

ಮೂವರು ತಜ್ಞರೂ ಚಹದ ಬಟ್ಟಲು ನೋಡುತ್ತಾ ಕೂತೆವು.

ಅವಳ ಕಿವಿಯೂ ತಪ್ಪದ ಕಿವಿಯೇನಲ್ಲ. ಒಮ್ಮೆ ದತ್ತೂ ಕಣ್ಣು ಮುಚ್ಚಿ ಕೇಳಿ, “ಭರೀವ ಆವಾಜ ಐತಿ,” ಅಂದ. ಮರಾಠಿಯಲ್ಲಿ ಭರೀವ ಎಂದರೆ ತುಂಬಿದ, ಗಟ್ಟಿಯಾದ ಎಂದರ್ಥ. ಅದಕ್ಕಿಂತ ದೊಡ್ಡ ಹೊಗಳಿಕೆ ಅವನಲ್ಲಿರಲಿಲ್ಲ. ಸುಶೀಲಾಳ ಕನ್ನಡದ ಕಿವಿಗೆ ಬಿದ್ದದ್ದು “ಬರೀ ಆವಾಜ ಐತಿ.” ಅಂದರೆ ಸುಮ್ಮನೆ ಗದ್ದಲ, ಹುರುಳಿಲ್ಲ. ಮೂರು ಭಾನುವಾರ ಅವನ ಚಹಕ್ಕೆ ಸಕ್ಕರೆ ಬೀಳಲಿಲ್ಲ. ಅವಳನ್ನು ಅವನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದ; ಪಾಪ, ವೈನಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದುಕೊಂಡು ಅವನು ಸುಮ್ಮನೆ ಕುಡಿದ. ಜಿನ್ನಪ್ಪಣ್ಣ ಅರ್ಥ ಬಿಡಿಸಿ ಹೇಳಿದ ದಿನ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕವಳು ನಿಲ್ಲಿಸಲೇ ಇಲ್ಲ. ಆ ದಿನದ ಚಹ ಪಾಕದಂತಿತ್ತು.

ಹೋದ ವರ್ಷ ಸುಶೀಲಾ ತೀರಿಕೊಂಡಳು. ಮೂರು ದಿನದ ಜ್ವರ, ಅಷ್ಟೇ. ನಾಲ್ಕು ತಿಂಗಳು ನಾನು ಸ್ಪೀಕರು ಮುಟ್ಟಲಿಲ್ಲ. ಗೆಳೆಯರು ಬರುತ್ತಿದ್ದರು, ಕೂರುತ್ತಿದ್ದರು, ಹೋಗುತ್ತಿದ್ದರು. ಒಂದು ಭಾನುವಾರ ದತ್ತೂ ತಾನೇ ಎದ್ದು ಹಾಡು ಹಚ್ಚಿದ. ಅದೇ ಪೆಟ್ಟಿಗೆ, ಅದೇ ವೈರು, ತುಂಬಿದ ಡಬ್ಬಿ. ಆದರೆ ದನಿ ಒಡೆದು ಬಂತು. ಹಾಡಿನ ಒಂದೊಂದು ಮಾತೂ ಎರಡೆರಡು ಸಲ ಕೇಳಿಸಿತು, ಬಾವಿಯಲ್ಲಿ ಕೂಗಿದಂತೆ. ಅವಳಿಲ್ಲದ ಮನೆಯಲ್ಲಿ ಹಾಡು ನನಗೆ ಒಲ್ಲದಾಗಿದೆ ಎಂದುಕೊಂಡೆ. ಅಷ್ಟು ವರ್ಷದ ಒಂದೇ ಒಂದು ಖುಷಿ. ಅದೂ ಅವಳ ಜೊತೆಗೇ ಹೋಯಿತು.

“ಜಿನ್ನಪ್ಪಣ್ಣ, ಇವನ್ನ ನಿನ್ನ ಅಂಗಡಿಗೆ ಒಯ್ಯಪಾ,” ಅಂದೆ. “ಇಲ್ಲಿ ಬ್ಯಾಡ.”

ಮುಂದಿನ ಭಾನುವಾರ ಟೆಂಪೊ ತರುತ್ತೇನೆ ಎಂದ ಜಿನ್ನಪ್ಪಣ್ಣ. ದತ್ತೂ ಮಾತ್ರ ಪಡಸಾಲೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆದ. ಗೋಡೆ ತಿರುಗಿ ಹೊಡೆಯಿತು. ಎದುರಿನ ಖಾಲಿ ಗೋಡೆ ನೋಡಿ ನನ್ನನ್ನು ಕೇಳಿದ: “ಮಲ್ಲಪ್ಪಣ್ಣ, ಇಲ್ಲೇನ ಇತ್ತರಿ?”

ಅಲ್ಲಿ ಸುಶೀಲಾಳ ಕೌದಿಗಳಿದ್ದವು. ಹಳೆಯ ಸೀರೆ, ಧೋತರದ ತುಂಡುಗಳನ್ನು ಪದರ ಪದರ ಇಟ್ಟು ಹೊಲಿದ ದಪ್ಪ ಹೊದಿಕೆಗಳು, ಹನ್ನೊಂದು. ಗೋಡೆಯುದ್ದಕ್ಕೂ ಕಟ್ಟಿದ ಗಳದ ಮೇಲೆ ಸದಾ ತೂಗುತ್ತಿದ್ದವು. ಹೋದವರ ಹಾಸಿಗೆ ಹೊದಿಕೆ ಮನೆಯಲ್ಲಿಡಬಾರದೆಂದು ಹದಿಮೂರನೆಯ ದಿನ ನನ್ನ ತಂಗಿ ಎಲ್ಲವನ್ನೂ ಹಂಚಿದ್ದಳು. ಕೊಡು ಎಂದವನು ನಾನೇ.

“ಗ್ವಾಡಿಗಿ ಬಡದ ಆವಾಜ ಅವೇ ನುಂಗತಿದ್ದೂರಿ,” ಅಂದ ದತ್ತೂ. “ಇಷ್ಟ ವರ್ಷ ನಾ ನನ್ನ ಪೆಟ್ಟಿಗೀನ ಹೊಗಳಕೊಂಡೆ. ಅರ್ಧಾ ಕೆಲಸ ವೈನೀದು.”

ಒಂದನ್ನಾದರೂ ಕೇಳಿ ತರೋಣವೆಂದು ಮರುದಿನ ಹೊಲಗೆಲಸದ ಗಂಗವ್ವನ ಮನೆಗೆ ಹೋದೆ. ಕೌದಿ ನಾಲ್ಕು ಮಡಿಕೆಯಾಗಿ ನೆಲದ ಮೇಲಿತ್ತು. ಅದರ ಮೇಲೆ ಅವಳ ಮೊಮ್ಮಗಳು, ಮೂರು ತಿಂಗಳ ಕೂಸು, ಮುಷ್ಟಿ ಬಿಗಿದು ಮಲಗಿತ್ತು.

“ಬರ್ರಿ ಕಾಕಾ. ಇದರ ಮ್ಯಾಲೆ ಹಾಕಿದ್ರ ಅಳೂದss ಇಲ್ಲ ನೋಡ್ರಿ. ಅವ್ವಾರ ಕೈ ಅಂಥಾದ್ದು. ಏನ ಬಂದ್ರಿ?”

“ಸುಮ್ನ ಬಂದೆ, ಗಂಗವ್ವ. ಕೂಸು ನೋಡೂಣಂತ.”

ಹೆಜ್ಜೆ ಸಪ್ಪಳವಾಗದಂತೆ ಹೊರಬಂದೆ. ಉಳಿದ ಹತ್ತು ಯಾರ ಮನೆಯಲ್ಲಿ ಯಾರನ್ನು ಬೆಚ್ಚಗಿಟ್ಟಿವೆಯೋ. ನನ್ನ ಕಿವಿ ಕೆಟ್ಟಿಲ್ಲ, ಹಾಡೂ ನನ್ನನ್ನು ಬಿಟ್ಟು ಹೋಗಿಲ್ಲ ಎಂಬುದಂತೂ ತಿಳಿದಿತ್ತು. ಬರೀ ಒಂದು ಗೋಡೆಯ ತೊಡಕು.

ಮನೆಗೆ ಬಂದು ಕುರ್ಚಿಯನ್ನು ಸ್ಪೀಕರಿನ ಮುಂದಕ್ಕೆ, ಕೈಚಾಚಿದರೆ ಸಿಗುವಷ್ಟು ಹತ್ತಿರ ಎಳೆದೆ. ಹಾಡು ಹಚ್ಚಿ ದನಿಯನ್ನು ತಗ್ಗಿಸಿದೆ, ಇನ್ನೂ ತಗ್ಗಿಸಿದೆ. ಒಂದು ಹಂತದಲ್ಲಿ ಗೋಡೆ ಸುಮ್ಮನಾಯಿತು. ಹಾಡು ಅಲ್ಲಿಯವರೆಗೆ ಹೋಗದೆ ನನ್ನ ಹತ್ತಿರವೇ ಉಳಿಯಿತು. ಹಾಡುವವಳು ನಡುವೆ ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ಅಷ್ಟು ವರ್ಷ ಜೋರಾಗಿ ಹಚ್ಚಿದಾಗ ಅದು ನನಗೆ ಕೇಳಿಸಿರಲಿಲ್ಲ.

ಭಾನುವಾರ ಜಿನ್ನಪ್ಪಣ್ಣ ಸ್ಪೀಕರು ಒಯ್ಯಲು ಟೆಂಪೊ ತಂದ. ಹಿಂದೆಯೇ ದತ್ತೂ ಬಂದ.

“ಹಚ್ಚೀಯೇನೊ? ಏನೂ ಕೇಳವಲ್ತು,” ಅಂದ ಜಿನ್ನಪ್ಪಣ್ಣ, ಬಾಗಿಲಲ್ಲೇ ನಿಂತು.

ಇನ್ನೆರಡು ಕುರ್ಚಿ ತೋರಿಸಿದೆ. ಅವರೂ ಎಳೆದುಕೊಂಡು ಬಂದರು. ಮೊಣಕಾಲಿಗೆ ಮೊಣಕಾಲು ತಾಗಿಸಿ, ತಲೆ ಮುಂದೆ ಮಾಡಿ ಮೂವರೂ ಕೂತೆವು. ಪೆಟ್ಟಿಗೆಯ ಬಗ್ಗೆಯಾಗಲಿ, ವೈರಿನ ಬಗ್ಗೆಯಾಗಲಿ, ಎತ್ತರದ ಬಗ್ಗೆಯಾಗಲಿ ಒಬ್ಬರೂ ಬಾಯಿ ತೆರೆಯಲಿಲ್ಲ. ತೆರೆದರೆ ಹಾಡು ಕೇಳುವಂತಿರಲಿಲ್ಲ. ಹೊರಗೆ ಟೆಂಪೊದವನು ಎರಡು ಸಲ ಹಾರ್ನ್ ಹೊಡೆದು, ಬಂದು ಇಣುಕಿ ನೋಡಿ, ತಾನೂ ಒಳಗೆ ಬಂದು ನೆಲದ ಮೇಲೆ ಕೂತ.